ತಡವಾಗಿ ಮುಳುಗುವ ಸೂರ್ಯ

ಮೈಸೂರಿನ ಒಂಟಿಕೊಪ್ಪಲ್ ಎಂಬ ಹೆಸರು ಕನ್ನಡ ನಾಡಿನ ಮನೆಮನೆಗೂ ಪರಿಚಿತವಾದುದು ಆ ಹೆಸರಿನ ಪಂಚಾಂಗದಿಂದ. ತಿಥಿ ನಕ್ಷತ್ರಗಳಿಗಾಗಿ, ಮದುವೆ ಗೃಹಪ್ರವೇಶಗಳ ಮುಹೂರ್ತಕ್ಕಾಗಿ ಜನ ಅದನ್ನು ತೆರೆಯುತ್ತಾರೆ. ಅದೇ ಬಡಾವಣೆಯಲ್ಲಿ, ವೆಂಕಟರಮಣಸ್ವಾಮಿ ದೇವಾಲಯದಿಂದ ಸ್ವಲ್ಪ ದೂರದ ಒಂದು ಹಳೆಯ ಮನೆಯಲ್ಲಿ ವಾಸಿಸುವ ಶ್ರಾವಿಕೆಯೊಬ್ಬರು ಅದನ್ನು ತೆರೆಯುವುದು ಬೇರೊಂದು ಕಾರಣಕ್ಕೆ. ಅವರಿಗೆ ಬೇಕಾದುದು ಆ ದಿನದ ಸೂರ್ಯಾಸ್ತದ ಗಳಿಗೆ. ಅದಕ್ಕೆ ಎರಡು ಗಳಿಗೆ ಮೊದಲೇ ಅವರ ಮನೆಯಲ್ಲಿ ಎಲೆ ಎತ್ತಿ ಆಗಿರುತ್ತದೆ. ಅಡುಗೆಮನೆ ತೊಳೆದು, ಒಲೆ ಒರೆಸಿ, ಬಾಗಿಲು ಮುಂದಕ್ಕೆಳೆದಿರುತ್ತದೆ. ಆ ಮೇಲೆ ನೀರು ಮತ್ತು ಔಷಧದ ಹೊರತು ಮರುದಿನ ಸೂರ್ಯೋದಯವಾಗುವವರೆಗೆ ಅವರ ಬಾಯಿಗೆ ಏನೂ ಸೇರುವುದಿಲ್ಲ.

ಈ ರಾತ್ರಿಭೋಜನ ತ್ಯಾಗವನ್ನು ಅವರು ಸ್ವೀಕರಿಸಿದ್ದು 1993ರಲ್ಲಿ, ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದ ವರ್ಷ, ಮುನಿಗಳೊಬ್ಬರ ಸಮ್ಮುಖದಲ್ಲಿ. ಆಗ ಅವರು ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಶಾಲೆ ಬಿಟ್ಟು ಮನೆಗೆ ಬಂದು, ಹೊತ್ತು ಮುಳುಗುವುದರೊಳಗೆ ಗಂಡನಿಗೂ ಮಗನಿಗೂ ಅಡುಗೆ ಮಾಡಿ, ತಾವೂ ಉಣ್ಣುವುದು ಸುಲಭದ ಮಾತಾಗಿರಲಿಲ್ಲ. ಮಳೆಗಾಲದ ಮೋಡದ ಸಂಜೆಗಳಲ್ಲಿ ಸೂರ್ಯ ಕಾಣದೆ ಹೋದಾಗ ಅನುಮಾನಕ್ಕೆ ಎಡೆಗೊಡದೆ ಉಪವಾಸವಿದ್ದ ದಿನಗಳೂ ಇವೆ. ಹೀಗೆ 30 ವರ್ಷ ಕಳೆದವು. ಪತಿ ತೀರಿಕೊಂಡರು. ಮಗ ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಸಿದ. ವ್ರತ ಮಾತ್ರ ಉಸಿರಾಟದಂತೆ ನಡೆದುಕೊಂಡು ಬಂದಿತು. ಉಸಿರಾಟದಂತೆ ಆದುದರಿಂದಲೇ ಅದನ್ನು ಏಕೆ ಪಾಲಿಸುತ್ತಿದ್ದೇನೆಂದು ತಮ್ಮನ್ನೇ ಕೇಳಿಕೊಳ್ಳುವ ಪ್ರಸಂಗ ಬಹುಕಾಲ ಅವರಿಗೆ ಒದಗಲಿಲ್ಲ. ಆ ಪ್ರಶ್ನೆ ಎದುರಾದದ್ದು ಒಂಟಿಕೊಪ್ಪಲಿನಿಂದ ಅರ್ಧ ಭೂಮಂಡಲದಾಚೆ, ಅಲಾಸ್ಕಾದ ಕಡಲಿನಲ್ಲಿ, ಒಂದು ವಿಹಾರನೌಕೆಯ ಊಟದ ಮೇಜಿನ ಮುಂದೆ.

2024ರ ಬೇಸಿಗೆಯಲ್ಲಿ ಅವರು ಮಗನ ಮನೆಯಲ್ಲಿದ್ದರು. ಮಗ ಮತ್ತು ಸೊಸೆ ಕಚೇರಿಯಿಂದ ಹಿಂದಿರುಗುವಾಗ ಗಂಟೆ ಏಳು ದಾಟುತ್ತಿತ್ತು. ತಾಯಿ ಊರಿನ ರೂಢಿಯಂತೆ ಆರಕ್ಕೆಲ್ಲ ಒಬ್ಬರೇ ಕುಳಿತು ಊಟ ಮುಗಿಸಿರುತ್ತಿದ್ದರು. ಹಿಂದಿನ ಎರಡು ಭೇಟಿಗಳಲ್ಲೂ ಹೀಗೆಯೇ ಆಗಿತ್ತು. ಬೇಸಿಗೆಯಲ್ಲಿ ಸಿಯಾಟಲಿನ ಸೂರ್ಯ ರಾತ್ರಿ ಒಂಬತ್ತರವರೆಗೂ ಆಕಾಶದಲ್ಲಿರುತ್ತಾನೆಂಬುದು ಭೂಗೋಳ ಕಲಿಸಿದ ಅವರಿಗೆ ತಿಳಿಯದ ಸಂಗತಿಯಲ್ಲ. ಆದರೆ ಹಸಿವು ಮತ್ತು ಅಭ್ಯಾಸ ಎರಡೂ ಆರು ಗಂಟೆಗೇ ಹೊಂದಿಕೊಂಡಿದ್ದವು. ಮಗ ಏನೂ ಹೇಳುತ್ತಿರಲಿಲ್ಲ. ಒಂದು ದಿನ ಮಾತ್ರ, ಮುಚ್ಚಿಟ್ಟ ಪಾತ್ರೆಗಳ ಮುಂದೆ ಕುಳಿತು ಅನ್ನ ಬಡಿಸಿಕೊಳ್ಳುತ್ತಾ, "ಅಮ್ಮ, ನಾವಿಬ್ಬರೂ ಒಟ್ಟಿಗೆ ಕೂತು ರಾತ್ರಿ ಊಟ ಮಾಡಿ ಎಷ್ಟು ವರ್ಷವಾಯಿತು, ನೆನಪಿದೆಯಾ?" ಎಂದು ಕೇಳಿದ್ದ. ತಾಯಿ ನಕ್ಕು ಸುಮ್ಮನಾದರು. ಕೆಲವು ದಿನಗಳ ನಂತರ ಅವನು ಅಲಾಸ್ಕಾಕ್ಕೆ ಹೋಗುವ ಹಡಗಿನಲ್ಲಿ ಏಳು ರಾತ್ರಿಗಳ ಪ್ರಯಾಣಕ್ಕೆ ನಾಲ್ವರಿಗೂ ಸ್ಥಳ ಕಾದಿರಿಸಿ ಬಂದ.

ಹಡಗಿನ ಊಟದ ಶಾಲೆಯಲ್ಲಿ ಎರಡು ಪಂಕ್ತಿಗಳು: ಮೊದಲನೆಯದು ಸಂಜೆ ಐದೂವರೆಗೆ, ಎರಡನೆಯದು ಎಂಟೂಕಾಲಿಗೆ. ಮಗ ಆರಿಸಿದ್ದು ಎರಡನೆಯದನ್ನು. ಅದನ್ನು ತಾಯಿಗೆ ತಿಳಿಸುವಾಗ ಅವನ ಮುಖದಲ್ಲಿ ಒಗಟು ಬಿಡಿಸಿದ ಬಾಲಕನ ಸಂತೋಷವಿತ್ತು. "ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆಯ ಮೇಲೆ. ನೀನು ನಮ್ಮ ಜೊತೆ ಕೂತು ನಿಧಾನವಾಗಿ ಊಟ ಮಾಡಬಹುದು. ನಿನ್ನ ವ್ರತಕ್ಕೆ ಒಂದಿಷ್ಟೂ ಭಂಗವಿಲ್ಲ." ಲೆಕ್ಕ ಸರಿಯಾಗಿತ್ತು. ಜೂನ್ ಮೂರನೆಯ ವಾರದಲ್ಲಿ ಮೈಸೂರಿನ ಸೂರ್ಯಾಸ್ತ 6 ಗಂಟೆ 50 ನಿಮಿಷದ ಆಸುಪಾಸು; ಅಲಾಸ್ಕಾದ ಜೂನೋ ಪಟ್ಟಣದಲ್ಲಿ ಅದು 10 ಗಂಟೆ ಕಳೆದ ಮೇಲೆ. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ ಹೀಗಾಗುತ್ತದೆಂದು ಆ ತಾಯಿಯೇ ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದರು. ತಮ್ಮದೇ ಪಾಠ ತಮ್ಮದೇ ವ್ರತದ ಎದುರು ಬಂದು ನಿಲ್ಲುತ್ತದೆಂದು ಅವರು ಎಣಿಸಿರಲಿಲ್ಲ.

ಸಮುದ್ರಯಾನದಲ್ಲಿ ಜೈನ ಆಹಾರ ಈಗ ಕಷ್ಟದ ವಿಷಯವಲ್ಲ. ಮೊದಲೇ ತಿಳಿಸಿದರೆ ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿಗಳಿಲ್ಲದ ಅಡುಗೆ ಬೇರೆಯಾಗಿ ಸಿದ್ಧವಾಗುತ್ತದೆ. 1893ರಲ್ಲಿ ವೀರಚಂದ ರಾಘವಜಿ ಗಾಂಧಿಯವರು ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹಡಗನ್ನೇರಿದಾಗ ಕಾಲ ಹೀಗಿರಲಿಲ್ಲ. ಜೈನಧರ್ಮದ ದನಿಯನ್ನು ಪಶ್ಚಿಮಕ್ಕೆ ಮುಟ್ಟಿಸಿ ಬಂದ ಅವರೇ, ಕಡಲು ದಾಟಿದ ಕಾರಣಕ್ಕಾಗಿ ತಮ್ಮ ಸಮಾಜದ ಒಂದು ಪಾಲಿನ ಆಕ್ಷೇಪಕ್ಕೆ ಗುರಿಯಾದರು. ಅಂದು ಶ್ರಾವಕನನ್ನು ಹೊರಗಿನಿಂದ ತಡೆಯುವವರು ಬಹಳ ಮಂದಿ ಇದ್ದರು. ಇಂದು ತಡೆಯುವವರೇ ಇಲ್ಲ.

ಹಡಗು ಸಿಯಾಟಲಿನಿಂದ ಸಂಜೆ ನಾಲ್ಕಕ್ಕೆ ಹೊರಟಿತು. ಎರಡು ಸಾವಿರಕ್ಕೂ ಹೆಚ್ಚು ಯಾತ್ರಿಕರು, ಅವರ ಸೇವೆಗೆ ನೂರಾರು ಮಂದಿ ನೌಕರರು. ಹೊರಡುವ ಮೊದಲು ಪ್ರತಿಯೊಬ್ಬರೂ ಅಪಾಯದ ವೇಳೆ ತಾವು ಸೇರಬೇಕಾದ ಸ್ಥಳವನ್ನು ಕಂಡುಕೊಂಡು, ಜೀವರಕ್ಷಕ ಕವಚ ತೊಡುವ ವಿಧಾನವನ್ನು ತಿಳಿಯಬೇಕು. 1912ರ ಟೈಟಾನಿಕ್ ದುರಂತದ ಬಳಿಕ ರೂಪುಗೊಂಡ ನಿಯಮಗಳ ಪರಂಪರೆ ಇದು. ಆ ಅರ್ಧ ಗಂಟೆ ಕಳೆದರೆ ಹಡಗಿನಲ್ಲಿ ಬೇಡವೆನ್ನುವ ಮಾತೇ ಇಲ್ಲ. ಮೇಲಿನ ಅಂತಸ್ತಿನ ಭೋಜನಶಾಲೆಯಲ್ಲಿ ಮುಂಜಾನೆಯಿಂದ ನಡುರಾತ್ರಿಯವರೆಗೆ ತಟ್ಟೆಗಳು ತುಂಬುತ್ತಲೇ ಇರುತ್ತವೆ. ಊಟದ ಹಣ ಮೊದಲೇ ಸಂದಿರುವುದರಿಂದ ಇನ್ನೊಂದು ತುತ್ತಿಗೆ ಬೆಲೆಯಿಲ್ಲ. ಬೆಲೆಯಿಲ್ಲದ ಕಡೆ ಲೆಕ್ಕವೂ ಉಳಿಯುವುದಿಲ್ಲ.

ಮೊದಲ ಸಂಜೆ ಎಂಟೂಕಾಲಿಗೆ ನಾಲ್ವರೂ ಕಿಟಕಿಯ ಪಕ್ಕದ ಮೇಜಿಗೆ ಕುಳಿತರು. ಸೂರ್ಯ ಪಶ್ಚಿಮದ ಬೆಟ್ಟಗಳ ಮೇಲಿದ್ದ. ಮೊಮ್ಮಗ ಅಜ್ಜಿಯ ತಟ್ಟೆಯಿಂದ ಒಂದು ರೊಟ್ಟಿಯ ಚೂರನ್ನು ಕಿತ್ತುಕೊಂಡ. ಮಗ ಎಷ್ಟೋ ವರ್ಷಗಳ ಹಿಂದಿನ ಒಂಟಿಕೊಪ್ಪಲಿನ ಕತೆಗಳನ್ನು ತೆಗೆದ: ಚೆಲುವಾಂಬ ಉದ್ಯಾನದಲ್ಲಿ ಕಳೆದುಹೋದ ಚೆಂಡು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಪ್ಪ ಸೈಕಲ್ ಕಲಿಸಿದ್ದು. ಎಲ್ಲರೂ ನಕ್ಕರು. ಊಟ ಮುಗಿಯುವಾಗ ಸೂರ್ಯ ಇನ್ನೂ ಇದ್ದ. ಎರಡನೆಯ ಸಂಜೆಯೂ ಹಾಗೆಯೇ ನಡೆಯಿತು. ಊಟದ ನಂತರ ಮೊಮ್ಮಗನೊಡನೆ ಮೇಲಿನ ಅಂತಸ್ತಿಗೆ ಹೋಗಿ ಹಣ್ಣಿನ ಹೋಳುಗಳನ್ನು ತಿಂದದ್ದೂ ಉಂಟು. ಆಗ ಗಂಟೆ ಒಂಬತ್ತು. ಶಾಸ್ತ್ರದ ಯಾವ ಅಕ್ಷರವೂ ಮೀರಿರಲಿಲ್ಲ.

ಮೂರನೆಯ ದಿನ ಹಡಗು ಜೂನೋ ಪಟ್ಟಣಕ್ಕೆ ಬಂದಿತು. ಅದು ಅಲಾಸ್ಕಾ ರಾಜ್ಯದ ರಾಜಧಾನಿ, ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಹಡಗು ಅಥವಾ ವಿಮಾನದಲ್ಲಿಯೇ ಬರಬೇಕು. ಸುಮಾರು 32 ಸಾವಿರ ಜನರ ಊರು. ಆ ರಾತ್ರಿ ಊಟ ಮುಗಿದು, ಸಿಹಿಯ ಸರದಿ ಬಂದು, ಅದೂ ಮುಗಿದ ಮೇಲೆ ಬಡಿಸುವವನು ಇನ್ನೊಂದು ಬಟ್ಟಲು ತರಲೇ ಎಂದು ಕೇಳಿದ. ಶ್ರಾವಿಕೆ ತಟ್ಟನೆ ಕಿಟಕಿಯತ್ತ ತಿರುಗಿದರು. ಬೆಟ್ಟದ ಅಂಚಿನಲ್ಲಿ ಬೆಳಕು ಇನ್ನೂ ಉಳಿದಿತ್ತು. ಇನ್ನೂ ಹೊತ್ತಿದೆ ಎಂದು ಅವರ ಮನಸ್ಸು ಹೇಳಿತು. ಬಟ್ಟಲು ಬಂದಿತು. ಅವರು ಚಮಚವನ್ನು ಕೈಗೆತ್ತಿಕೊಂಡು ಹಾಗೆಯೇ ಕುಳಿತರು.

ಮೂವತ್ತು ವರ್ಷ ಅವರು ಸೂರ್ಯನನ್ನು ನೋಡಿದ್ದು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು. ಆ ರಾತ್ರಿ ಮೊದಲ ಬಾರಿಗೆ, ಇನ್ನೆಷ್ಟು ತಿನ್ನಬಹುದೆಂದು ತಿಳಿಯಲು ನೋಡಿದ್ದರು. ಅದೇ ಸೂರ್ಯ, ಅದೇ ಕಣ್ಣು. ನೋಟ ಮಾತ್ರ ತಿರುಗಿಬಿದ್ದಿತ್ತು. ಆ ಬಟ್ಟಲು ಹಾಗೆಯೇ ಮೇಜಿನ ಮೇಲೆ ಉಳಿಯಿತು.

ಕ್ಯಾಬಿನ್ನಿಗೆ ಹಿಂದಿರುಗಿದಾಗ ಹತ್ತೂವರೆ. ಪರದೆಯ ಸಂದಿನಿಂದ ಬೆಳಕು ಬರುತ್ತಲೇ ಇತ್ತು. ನಿದ್ರೆ ಬಾರದೆ ಅವರು ಹಿಂದೆ ಸ್ವಾಧ್ಯಾಯದಲ್ಲಿ ಓದಿದ್ದನ್ನು ಒಂದೊಂದಾಗಿ ನೆನಪಿಸಿಕೊಂಡರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ನಿಷೇಧಿಸುವಾಗ ಎರಡು ಕಾರಣಗಳನ್ನು ಹೇಳುತ್ತಾರೆ. ಒಂದು, ಸೂರ್ಯನ ಬೆಳಕಿಲ್ಲದಾಗ, ದೀಪ ಹಚ್ಚಿದರೂ ಸಹ, ಆಹಾರಕ್ಕೆ ಬಂದು ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾಗದು. ಇನ್ನೊಂದು, ರಾತ್ರಿಯ ಊಟದಲ್ಲಿ ರಾಗ ಹೆಚ್ಚು. ಹಗಲಿನ ಊಟಕ್ಕೆ ತೃಪ್ತನಾಗದೆ ರಾತ್ರಿಯೂ ಬೇಕೆನ್ನುವವನಲ್ಲಿ ಆಸಕ್ತಿ ತೀವ್ರವಾಗಿರುತ್ತದೆ. ನಮ್ಮ ಊರುಗಳಲ್ಲಿ ಈ ಎರಡು ಕಾರಣಗಳೂ ಒಂದೇ ಗಳಿಗೆಯಲ್ಲಿ ಕೂಡಿಬರುವುದರಿಂದ ಅವನ್ನು ಬೇರ್ಪಡಿಸಿ ನೋಡುವ ಅಗತ್ಯ ಬೀಳುವುದಿಲ್ಲ. ಕತ್ತಲಾಗುತ್ತದೆ, ಹುಳುಹುಪ್ಪಟೆ ದೀಪಕ್ಕೆ ಮುತ್ತುತ್ತವೆ, ಊಟ ನಿಲ್ಲುತ್ತದೆ, ಅದರೊಡನೆ ಆಸೆಯೂ ನಿಲ್ಲುತ್ತದೆ. ಉತ್ತರದ ಕಡಲಿನ ಬೆಳಕಿನಲ್ಲಿ ಮೊದಲನೆಯ ಕಾರಣ ಹಿಂದೆ ಸರಿಯಿತು. ಎರಡನೆಯದು ಒಂಟಿಯಾಗಿ ಉಳಿದು, ಇಷ್ಟು ವರ್ಷ ತನ್ನನ್ನು ಪಾಲಿಸುತ್ತಿದ್ದವರು ಯಾರು ಎಂದು ಕೇಳಿತು. ಪಾಲಿಸುತ್ತಿದ್ದದ್ದು ಸೂರ್ಯನೋ, ತಾವೋ?

ದಿಗ್ವ್ರತದ ಅತಿಚಾರಗಳನ್ನು ಹೇಳುವಲ್ಲಿ ತತ್ತ್ವಾರ್ಥಸೂತ್ರವು ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನ ಎಂಬ ಎರಡನ್ನು ಹೆಸರಿಸುತ್ತದೆ: ತಾನೇ ಹಾಕಿಕೊಂಡ ಎಲ್ಲೆಯನ್ನು ಹಿಗ್ಗಿಸುವುದು ಮತ್ತು ಎಲ್ಲೆ ಎಲ್ಲಿತ್ತೆಂಬುದನ್ನೇ ಮರೆಯುವುದು. ಅವು ದಿಕ್ಕುಗಳಿಗೆ ಸಂಬಂಧಿಸಿದ ಮಾತುಗಳು. ಕಾಲದ ಎಲ್ಲೆಗೂ ಅವು ಸಲ್ಲುತ್ತವೆಂದು ಆ ರಾತ್ರಿ ಅವರಿಗೆ ತೋರಿತು. ಇನ್ನೂ ಉತ್ತರಕ್ಕೆ, ನಾರ್ವೆಯ ಟ್ರೊಮ್ಸೊದಂತಹ ಊರುಗಳಲ್ಲಿ ಮೇ ತಿಂಗಳ ಉತ್ತರಾರ್ಧದಿಂದ ಜುಲೈವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿಗೆ ಹೋದ ಶ್ರಾವಕ ಎರಡು ತಿಂಗಳ ಹಗಲಿನುದ್ದಕ್ಕೂ ಉಣ್ಣುತ್ತಿರಬಹುದೇ? ಅದೇ ಊರಿನಲ್ಲಿ ಚಳಿಗಾಲದ ನಡುವೆ ಸೂರ್ಯ ಮೂಡದ ವಾರಗಳೂ ಇವೆ. ಆಗ ಅವನು ಸಲ್ಲೇಖನವನ್ನೇ ಕೈಗೊಳ್ಳಬೇಕೇ? ಈ ಎರಡನೆಯ ಪ್ರಶ್ನೆಗೆ ಅವರಿಗೇ ನಗು ಬಂದಿತು. ಗಂಗಾ ಕಾವೇರಿಗಳ ನಾಡಿನಲ್ಲಿ ರೂಪುಗೊಂಡ ವ್ರತ ಆ ನಾಡುಗಳ ಸೂರ್ಯನನ್ನು ಸಾಕ್ಷಿಯಾಗಿ ಕರೆಯಿತು. ಸಾಕ್ಷಿ ಬಾರದ ಕಡೆ ಮಾತು ಕೊಟ್ಟವನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಬೆಳಗ್ಗೆ ಅವರು ಪೆಟ್ಟಿಗೆಯಿಂದ ಪಂಚಾಂಗವನ್ನು ತೆಗೆದರು. ಕ್ರೋಧಿ ಸಂವತ್ಸರದ ಪುಸ್ತಕ. ಹಬ್ಬಗಳನ್ನು ನೋಡಲೆಂದು ತಂದದ್ದು. ಪ್ರಯಾಣ ಮುಗಿಯುವವರೆಗೆ ತಮ್ಮ ಊರಿನ ಆ ದಿನದ ಸೂರ್ಯಾಸ್ತದ ಗಂಟೆಯನ್ನೇ ಹಡಗಿನ ಗಡಿಯಾರದಲ್ಲಿ ತಮ್ಮ ಎಲ್ಲೆಯೆಂದು ಇಟ್ಟುಕೊಂಡರು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಭೋಗೋಪಭೋಗಗಳ ಮಿತಿಯನ್ನು ಯಮ, ನಿಯಮ ಎಂದು ಎರಡಾಗಿ ವಿಂಗಡಿಸುತ್ತಾರೆ. ಜೀವನಪರ್ಯಂತದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ. ಇದು ನಾಲ್ಕು ದಿನಗಳ ನಿಯಮ. ಇದಕ್ಕೆ ಶಾಸ್ತ್ರದ ಒತ್ತಾಯವಿಲ್ಲವೆಂದೂ, ಬೇರೆ ಶ್ರಾವಕರು ಬೇರೆ ರೀತಿ ನಿರ್ಣಯಿಸಿದರೆ ಅದು ತಪ್ಪಲ್ಲವೆಂದೂ ಅವರಿಗೆ ಗೊತ್ತಿತ್ತು.

ಕಷ್ಟವಿದ್ದದ್ದು ಅದನ್ನು ಮಗನಿಗೆ ಹೇಳುವುದರಲ್ಲಿ. ಹೇಳಿದಾಗ ಅವನು ವಾದ ಮಾಡಲಿಲ್ಲ. "ಸೂರ್ಯ ಇರುವಾಗಲೂ ಬೇಡವೆಂದರೆ, ಇದು ವ್ರತವೋ, ನಮ್ಮ ಜೊತೆ ಕೂರಬಾರದೆಂಬ ಹಟವೋ ಅಮ್ಮ?" ಎಂದಷ್ಟೇ ಕೇಳಿ ಎದ್ದು ಹೋದ. ಆ ಮಾತು ತಾಯಿಯನ್ನು ನಾಟಿತು. ತಮ್ಮ ನಿಷ್ಠೆಯ ಬೆಲೆಯನ್ನು ಇಷ್ಟು ವರ್ಷ ತಾವೊಬ್ಬರೇ ತೆರುತ್ತಿದ್ದೇನೆಂದು ಅವರು ಭಾವಿಸಿದ್ದರು. ಮುಚ್ಚಿಟ್ಟ ಪಾತ್ರೆಗಳ ಮುಂದೆ ಒಬ್ಬನೇ ಕುಳಿತು ಉಂಡ ಮಗನೂ ಅದರಲ್ಲೊಂದು ಪಾಲನ್ನು ತೆತ್ತಿದ್ದ. ಅಹಿಂಸೆಗಾಗಿ ಹಿಡಿದ ವ್ರತ ಮನೆಯೊಳಗಿನ ಒಂದು ಜೀವವನ್ನು ನೋಯಿಸುತ್ತಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಹೇಗೆ?

ಆ ದಿನ ಹಡಗು ಸ್ಕ್ಯಾಗ್ವೇ ಎಂಬ ಸಣ್ಣ ಬಂದರಿನಲ್ಲಿ ನಿಂತಿತು. 1896ರಲ್ಲಿ ಕೆನಡಾದ ಕ್ಲೊಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದಾಗ ಸುಮಾರು ಒಂದು ಲಕ್ಷ ಜನ ಅತ್ತ ಹೊರಟರು. ಅವರಲ್ಲಿ ಅನೇಕರು ಇಳಿದದ್ದು ಇಲ್ಲಿಯೇ. ಗಡಿಯಲ್ಲಿ ಕೆನಡಾದ ಪೊಲೀಸರು ಒಂದು ವರ್ಷಕ್ಕೆ ಸಾಕಾಗುವ ಸಾಮಗ್ರಿಯಿಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಹೀಗೆ ಒಬ್ಬೊಬ್ಬನ ಹೊರೆಯೂ ಸುಮಾರು ಒಂದು ಟನ್ ಆಯಿತು. ಆ ಹೊರೆ ಕುದುರೆಗಳ ಬೆನ್ನೇರಿತು. ವೈಟ್ ಪಾಸ್ ಕಣಿವೆಯ ಕಲ್ಲು ಕೆಸರುಗಳ ದಾರಿಯಲ್ಲಿ 1897 ಮತ್ತು 1898ರ ನಡುವೆ ಸತ್ತ ಕುದುರೆ ಮೊದಲಾದ ಹೊರೆಪ್ರಾಣಿಗಳ ಸಂಖ್ಯೆ ಸುಮಾರು 3,000. ಅವುಗಳ ನೆನಪಿಗೆ 1929ರಲ್ಲಿ ಆ ಕಣಿವೆಯಲ್ಲಿ ಒಂದು ಫಲಕವನ್ನು ನಿಲ್ಲಿಸಿದರು. ಇಂದು ಪ್ರವಾಸಿಗರು 1900ರಲ್ಲಿ ಪೂರ್ಣಗೊಂಡ ಕಿರುಹಳಿಯ ರೈಲಿನಲ್ಲಿ ಕುಳಿತು ಅದೇ ಕಣಿವೆಯ ಸೊಬಗನ್ನು ನೋಡುತ್ತಾರೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು, ಅನ್ನಪಾನನಿರೋಧ ಮತ್ತೊಂದು. ಪಾಠಶಾಲೆಯಲ್ಲಿ ಮಕ್ಕಳಿಗೆ ಅವನ್ನು ಬಾಯಿಪಾಠ ಮಾಡಿಸುವಾಗ, ಎತ್ತಿನ ಗಾಡಿಯ ಕಾಲದ ಮಾತೆಂದು ಅನೇಕರಿಗೆ ಅನ್ನಿಸುವುದುಂಟು. ಮೇವಿಲ್ಲದೆ, ಬೆನ್ನು ಮುರಿಯುವ ಭಾರ ಹೊತ್ತು ಸತ್ತ 3,000 ಪ್ರಾಣಿಗಳ ಕಣಿವೆಯಲ್ಲಿ ಆ ಎರಡು ಪದಗಳಿಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ಹೊರೆ ಹೊರಿಸಿದವರು ಕ್ರೂರಿಗಳೇ ಆಗಿದ್ದರೆಂದು ಹೇಳಲಾಗದು. ಬಹಳ ಮಂದಿ ಸಾಮಾನ್ಯ ಗೃಹಸ್ಥರು, ಗುಮಾಸ್ತರು, ಅಂಗಡಿಯವರು. ಇನ್ನೊಂದು ಮೂಟೆ, ಇನ್ನೊಂದು ಮೈಲಿ ಎಂದು ಅವರು ಮುಂದೆ ಹೋಗುತ್ತಿದ್ದರು. ಇನ್ನೊಂದು ಬಟ್ಟಲಿಗೂ ಇನ್ನೊಂದು ಮೂಟೆಗೂ ಇರುವ ದೂರ ಬಹಳ ದೊಡ್ಡದು. ಆದರೂ ಎರಡೂ ಹೊರಡುವುದು ಒಂದೇ ಮನೆಯಿಂದ.

ಆ ಸಂಜೆ ಶ್ರಾವಿಕೆ ಆರಕ್ಕೆ ಮೇಲಿನ ಅಂತಸ್ತಿನಲ್ಲಿ ಊಟ ಮುಗಿಸಿದರು. ಎಂಟೂಕಾಲಿಗೆ ಉಳಿದವರು ಊಟದ ಶಾಲೆಗೆ ಹೊರಟಾಗ ತಾವೂ ಜೊತೆಗೆ ಹೊರಟರು. ತಟ್ಟೆಯಿಲ್ಲದೆ, ಬಿಸಿನೀರಿನ ಲೋಟವೊಂದನ್ನು ಮುಂದಿಟ್ಟುಕೊಂಡು, ಎಲ್ಲರ ನಡುವೆ ಕುಳಿತರು. ಇಷ್ಟು ವರ್ಷ ಇದನ್ನಾದರೂ ಏಕೆ ಮಾಡಲಿಲ್ಲವೆಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ವ್ರತ ನಿಷೇಧಿಸಿದ್ದು ಊಟವನ್ನು. ಪಂಕ್ತಿಯಿಂದಲೇ ಎದ್ದು ಹೋದದ್ದು ಅವರ ಅಭ್ಯಾಸ. ಮಗ ಮೊದಲ ದಿನ ಮಾತು ಕಡಿಮೆ ಮಾಡಿದ್ದ. ಸೊಸೆ, "ಅತ್ತೆ, ನಿಮ್ಮೆದುರು ತಿನ್ನುವುದಕ್ಕೆ ನಮಗೆ ಒಂದು ಥರ ಆಗುತ್ತದೆ" ಎಂದಳು. "ನೀವು ತಿನ್ನುವುದನ್ನು ನೋಡಿಯೇ ನನಗೆ ಹೊಟ್ಟೆ ತುಂಬುತ್ತದಮ್ಮ, ನಾಚಿಕೊಳ್ಳಬೇಡಿ" ಎಂದರು ಅತ್ತೆ.

ಬಡಿಸುತ್ತಿದ್ದವನು ಕುಂದಾಪುರದ ಕಡೆಯ ಯುವಕ. ಮನೆಯವರ ಕನ್ನಡ ಕೇಳಿದ ಮೊದಲ ದಿನದಿಂದಲೂ ಅವರ ಮೇಜಿಗೆ ಬಂದಾಗ ಅವನ ಮುಖ ಅರಳುತ್ತಿತ್ತು. ಆ ರಾತ್ರಿ ತಾಯಿ ಅವನನ್ನು ಕೇಳಿದರು: "ನಿನ್ನ ಊಟ ಎಷ್ಟು ಹೊತ್ತಿಗಪ್ಪಾ?" ಅವನು ನಕ್ಕು, "ನಿಮ್ಮೆಲ್ಲರದ್ದೂ ಮುಗಿದ ಮೇಲೆ ಅಮ್ಮಾ. ಹನ್ನೊಂದೂ ಆಗುತ್ತದೆ, ಹನ್ನೊಂದೂವರೆಯೂ ಆಗುತ್ತದೆ" ಎಂದ. ಮನೆ ಬಿಟ್ಟು ಏಳು ತಿಂಗಳಾಗಿತ್ತು. ಇನ್ನೂ ಎರಡು ತಿಂಗಳಿತ್ತು. 2013ರಲ್ಲಿ ಜಾರಿಗೆ ಬಂದ, ಭಾರತವೂ 2015ರಲ್ಲಿ ಅಂಗೀಕರಿಸಿದ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ ನೌಕರನಿಗೆ ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ 77 ಗಂಟೆ ವಿಶ್ರಾಂತಿ ದೊರೆಯಬೇಕು. ಆ ನಿಯಮದೊಳಗೇ ನಡೆದರೂ ಅದು ದೀರ್ಘ ದುಡಿಮೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ತಮ್ಮ ನಿಯಮದಿಂದ ಅವನ ಊಟ ಒಂದು ನಿಮಿಷವೂ ಬೇಗ ಆಗುವುದಿಲ್ಲವೆಂಬುದು ತಾಯಿಗೆ ಕಂಡಿತು. ವ್ರತ ಪಾಲಿಸುವವರ ಶುದ್ಧಿಯ ಹಿಂದೆ ಬೇರೆಯವರ ರಾತ್ರಿ ಅಡಗಿರಬಹುದೆಂಬ ಅರಿವು ಹೆಮ್ಮೆಗೆ ಒಳ್ಳೆಯ ಔಷಧ.

ಅವನೊಡನೆ ಆಡಿದ ಮಾತಿನಿಂದಲೇ ಇನ್ನೊಂದು ಸಂಗತಿ ತಿಳಿಯಿತು. ತಟ್ಟೆಗಳಲ್ಲಿ ಉಳಿದ ಆಹಾರವನ್ನು ಅಡುಗೆಮನೆಯ ಹಿಂದೆ ಯಂತ್ರಕ್ಕೆ ಹಾಕಿ ನುಣ್ಣಗೆ ಅರೆಯುತ್ತಾರೆ. ಸಮುದ್ರ ಮಾಲಿನ್ಯದ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ 25 ಮಿಲಿಮೀಟರ್ ರಂಧ್ರದ ಜರಡಿಯಲ್ಲಿ ಇಳಿಯುವಷ್ಟು ಸಣ್ಣದಾಗಿ ಅರೆದ ಆಹಾರತ್ಯಾಜ್ಯವನ್ನು ದಡದಿಂದ 3 ನಾವಿಕ ಮೈಲಿಗಳಾಚೆ, ಅರೆಯದಿದ್ದುದನ್ನು 12 ಮೈಲಿಗಳಾಚೆ ಕಡಲಿಗೆ ಬಿಡಲು ಅವಕಾಶವಿದೆ. ಕೆಲವು ವಿಶೇಷ ವಲಯಗಳಲ್ಲಿ ನಿಯಮ ಇನ್ನೂ ಬಿಗಿ. ಜೂನೋದಲ್ಲಿ ಮೇಜಿನ ಮೇಲೆ ಬಿಟ್ಟು ಬಂದ ಬಟ್ಟಲಿಗೂ ಅದೇ ಯಂತ್ರದ ದಾರಿ. ಬೇಡವೆಂಬುದನ್ನು ಬಡಿಸಿದ ಮೇಲೆ ಹೇಳಿದರೆ ಅದು ತ್ಯಾಗವಾಗದು, ಪೋಲು. ಮರುದಿನದಿಂದ ಅವರು ಹಿಂದಿನ ರಾತ್ರಿಯೇ ಮೂರು ಪದಾರ್ಥಗಳನ್ನು ಹೇಳಿ, ಅಷ್ಟನ್ನೇ ತರಿಸಿಕೊಂಡು, ತಟ್ಟೆ ತೊಳೆದಂತೆ ಉಂಡೆದ್ದರು. ಯುವಕ ಖಾಲಿ ತಟ್ಟೆಯನ್ನು ನೋಡಿ, "ನಮ್ಮ ಅಜ್ಜಿಯೂ ಹೀಗೇ" ಎಂದ.

ಐದನೆಯ ದಿನ ಮುಂಜಾನೆ ಹಡಗು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನವನ್ನು ಪ್ರವೇಶಿಸಿತು. ಆರೂವರೆಯ ಹೊತ್ತಿಗೆ ಶ್ರಾವಿಕೆ ಕಿಟಕಿಯ ಬಳಿ ಗಂಜಿಯ ಬಟ್ಟಲನ್ನಿಟ್ಟುಕೊಂಡು ಕುಳಿತಿದ್ದರು. ಸೂರ್ಯ ಮೂಡಿ ಎರಡು ಗಂಟೆಗೂ ಮೇಲಾಗಿತ್ತು. ರಜೆಯಲ್ಲಿ ಒಂಬತ್ತಕ್ಕೆ ಮೊದಲು ಏಳದ ಮಗ ತಲೆ ಕೆದರಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕುಳಿತ. ಏಕೆ ಬಂದೆನೆಂದು ಅವನು ಹೇಳಲಿಲ್ಲ. ತಾಯಿ ಕೇಳಲೂ ಇಲ್ಲ; ತಮ್ಮ ಬಟ್ಟಲಿನಿಂದ ಅರ್ಧ ಗಂಜಿಯನ್ನು ಅವನ ಬಟ್ಟಲಿಗೆ ಸುರಿದರು. ಹಸಿದ ಇಬ್ಬರು ಒಟ್ಟಿಗೆ ಉಣ್ಣಲು ರಾತ್ರಿಯೇ ಆಗಬೇಕೆಂದಿಲ್ಲವೆಂಬ ಸರಳ ಸಂಗತಿ ಇಬ್ಬರಿಗೂ ಒಮ್ಮೆಗೇ ಹೊಳೆದಿರಬೇಕು.

ಹೊರಗೆ ಉದ್ಯಾನದ ರಕ್ಷಕರು ಹಡಗನ್ನೇರಿ ಧ್ವನಿವರ್ಧಕದಲ್ಲಿ ವಿವರಿಸುತ್ತಿದ್ದರು. 1794ರಲ್ಲಿ ವ್ಯಾಂಕೂವರನ ಅನ್ವೇಷಣಾ ತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿ ಬಹುಪಾಲು ಹಿಮದಿಂದಲೇ ತುಂಬಿತ್ತು. 1879ರಲ್ಲಿ ಜಾನ್ ಮ್ಯೂರ್ ಬಂದಾಗ ಹಿಮ ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ಒಟ್ಟು ಸರಿದ ದೂರ ಇಂದಿಗೆ ಸುಮಾರು 100 ಕಿಲೋಮೀಟರ್. ಆ ಮೊದಲ ಹಿನ್ನಡೆ ಪ್ರಕೃತಿಯ ಲಯಕ್ಕೆ ಸೇರಿದ್ದು; ಈಗ ಅಲಾಸ್ಕಾದ ಹಿಮನದಿಗಳು ಕರಗುತ್ತಿರುವುದರಲ್ಲಿ ಮನುಷ್ಯನ ಹೊಗೆಯ ಪಾಲು ದೊಡ್ಡದು. ಇದನ್ನು ಕೇಳುತ್ತಿದ್ದ ಯಾತ್ರಿಕರನ್ನು ಅಲ್ಲಿಗೆ ಕರೆತಂದದ್ದೂ ಇಂಧನ ಉರಿಸುವ ಹಡಗೇ. ಶ್ರಾವಿಕೆ ಅದನ್ನು ತಮ್ಮ ಲೆಕ್ಕದಿಂದ ಬಿಡಲಿಲ್ಲ. ದಿಗ್ವ್ರತದ ಎಲ್ಲೆಗಳಾಗಿ ಸಮಂತಭದ್ರಾಚಾರ್ಯರು ಹೆಸರಿಸುವ ಗುರುತುಗಳಲ್ಲಿ ಸಮುದ್ರವೂ ಒಂದು. ಆ ವ್ರತವನ್ನು ಅವರು ತೊಟ್ಟಿರಲಿಲ್ಲ. ಏಕೆ ತೊಡುತ್ತಾರೆಂಬುದು ಮಾತ್ರ ಆ ಕೊಲ್ಲಿಯಲ್ಲಿ ತಿಳಿಯಿತು: ಮನುಷ್ಯ ಕಾಲಿಡದ ಕಡೆಯ ಜೀವಿಗಳಿಗೆ ಅವನಿಂದ ಅಷ್ಟರಮಟ್ಟಿಗಾದರೂ ಅಭಯ.

ಆ ಅಭಯದ ಒಂದು ಅಂಶವನ್ನು ಆ ನಾಡಿನ ಕಾನೂನು ಕೊಟ್ಟಿದೆ. ಆ ಕೊಲ್ಲಿಗೆ ದಿನಕ್ಕೆ ಎರಡು ವಿಹಾರನೌಕೆಗಳಿಗಿಂತ ಹೆಚ್ಚಿಗೆ ಪ್ರವೇಶವಿಲ್ಲ. ತಿಮಿಂಗಿಲಗಳು ಸೇರುವ ನೀರಿನಲ್ಲಿ ಹಡಗುಗಳು ವೇಗ ತಗ್ಗಿಸಬೇಕು. ಜೂನೋ ಪಟ್ಟಣವೂ ಹಡಗು ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳೆಂದು ಮಿತಿ ಹಾಕಿಕೊಂಡಿತು. 2026ರಿಂದ ದಿನಕ್ಕೆ 16 ಸಾವಿರ, ಶನಿವಾರ 12 ಸಾವಿರ ಯಾತ್ರಿಕರೆಂದು ಇನ್ನೊಂದು ಮಿತಿಯನ್ನೂ ಒಪ್ಪಿಕೊಂಡಿತು. ಬರುವ ಹಣವನ್ನು ಬೇಡವೆನ್ನುವುದು ಯಾವ ಊರಿಗೂ ಸುಲಭವಲ್ಲ. ಜೈನರ ಹೆಸರನ್ನು ಕೇಳಿರದ ಜನ ಒಂದು ಬಗೆಯ ಪರಿಮಾಣವ್ರತವನ್ನು ಕೈಗೊಂಡದ್ದು ಆ ತಾಯಿಗೆ ಹಿಮನದಿಗಿಂತಲೂ ಹೆಚ್ಚು ಬೆರಗು ತಂದಿತು.

ಹಡಗು ಮಾರ್ಜರಿ ಹಿಮನದಿಯ ಮುಂದೆ ಬಹಳ ಹೊತ್ತು ಅಲುಗದಂತೆ ನಿಂತಿತು. ನೀಲಿ ಹಿಮದ ಗೋಡೆಯಿಂದ ಒಂದು ತುಂಡು ಕಳಚಿ ಬಿತ್ತು. ಬಿದ್ದ ಮೇಲೆ ಗುಡುಗಿನಂತಹ ಸದ್ದು ಕೇಳಿತು. ಹಿಂದಿರುಗುವಾಗ ದೂರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲವೊಂದು ಉಸಿರು ಚಿಮ್ಮಿಸಿ, ಬಾಲವೆತ್ತಿ ಮುಳುಗಿತು. ಬೇಸಿಗೆಯಲ್ಲಿ ಇಲ್ಲಿ ಹೊಟ್ಟೆತುಂಬ ತಿಂದು, ಚಳಿಗಾಲದಲ್ಲಿ ಹವಾಯಿಯ ಬೆಚ್ಚನೆಯ ಕಡಲಿಗೆ ಹೋಗಿ, ಅಲ್ಲಿ ಬಹುಮಟ್ಟಿಗೆ ಏನನ್ನೂ ತಿನ್ನದೆ ತಿಂಗಳುಗಳನ್ನು ಕಳೆಯುವ ಜೀವಿ ಅದು. ಮೊಮ್ಮಗ, "ಅಜ್ಜಿ, ಅದೂ ನಿನ್ನ ಹಾಗೆ ಉಪವಾಸ ಮಾಡುತ್ತದೆ" ಎಂದ. ಅಜ್ಜಿ ನಕ್ಕರು. ತಿಮಿಂಗಿಲಕ್ಕೆ ಆ ಎಲ್ಲೆಯನ್ನು ಪ್ರಕೃತಿ ಹಾಕಿಕೊಟ್ಟಿದೆ. ತಾನೇ ಹಾಕಿಕೊಳ್ಳುವ ಕಷ್ಟ ಮನುಷ್ಯನೊಬ್ಬನದೇ ಎಂದು ಅವನಿಗೆ ಮುಂದೆಂದಾದರೂ ಹೇಳಬಹುದು.

ಉಳಿದ ಬೆಳಗುಗಳಲ್ಲೂ ಮಗ ಆರೂವರೆಗೆ ಬಂದ. ರಾತ್ರಿಯ ಮೇಜಿನಲ್ಲಿ ತಾಯಿಯ ಬಿಸಿನೀರಿನ ಲೋಟ ಎಲ್ಲರಿಗೂ ಅಭ್ಯಾಸವಾಯಿತು. ಮಗ ವ್ರತ ಹಿಡಿಯಲಿಲ್ಲ. ತಾಯಿ ಹಿಡಿಯಲು ಹೇಳಲೂ ಇಲ್ಲ. ಅವನ ಪ್ರಶ್ನೆಗೆ, ಅದು ಹಟವೋ ವ್ರತವೋ ಎಂಬುದಕ್ಕೆ, ಅವರು ಪ್ರಯಾಣದ ಕೊನೆಯ ದಿನ ಉತ್ತರ ಕೊಟ್ಟರು. "ಒಬ್ಬಳೇ ಎದ್ದು ಹೋಗುತ್ತಿದ್ದದ್ದು ಹಟವೇ ಮಗು. ಅದನ್ನು ಬಿಟ್ಟಿದ್ದೇನೆ. ಉಳಿದಿರುವುದಷ್ಟೇ ವ್ರತ."

ಆಗಸ್ಟಿನಲ್ಲಿ ಅವರು ಒಂಟಿಕೊಪ್ಪಲಿಗೆ ಮರಳಿದರು. ಅಲ್ಲಿ ಸೂರ್ಯ ಮತ್ತೆ ಹಳೆಯ ಸಾಕ್ಷಿಯಾಗಿ, ಪಂಚಾಂಗ ಹೇಳಿದ ಗಳಿಗೆಗೆ ತಪ್ಪದೆ ಮುಳುಗುತ್ತಾನೆ. ಭಾರತದಲ್ಲಿ ಸಂಜೆ ಆರು ಗಂಟೆಯಾದಾಗ ಬೇಸಿಗೆಯ ಸಿಯಾಟಲಿನಲ್ಲಿ ಮುಂಜಾನೆ ಐದೂವರೆ. ಭಾನುವಾರದ ಸಂಜೆ ಶ್ರಾವಿಕೆ ಊಟಕ್ಕೆ ಕುಳಿತಾಗ ದೂರವಾಣಿಯನ್ನು ಎದುರಿನ ನೀರಿನ ಚೊಂಬಿಗೆ ಒರಗಿಸಿಡುತ್ತಾರೆ. ಅದರ ಪರದೆಯಲ್ಲಿ ಮಗ ತಲೆ ಕೆದರಿಕೊಂಡು, ಬಿಸಿ ಹಾಲಿನ ಲೋಟ ಹಿಡಿದು ಕುಳಿತಿರುತ್ತಾನೆ. ಇಲ್ಲಿ ಮುಳುಗಲಿರುವ ಸೂರ್ಯ, ಅಲ್ಲಿ ಮೂಡಲಿರುವ ಸೂರ್ಯ. ಮಾತು ಮುಗಿದ ಮೇಲೆ ಅವರು ಎಲೆ ಎತ್ತಿ, ಒಲೆ ಒರೆಸಿ, ಅಡುಗೆಮನೆಯ ಬಾಗಿಲನ್ನು ಮುಂದಕ್ಕೆಳೆಯುತ್ತಾರೆ. ಹೊರಗೆ ಇನ್ನೂ ಸ್ವಲ್ಪ ಬೆಳಕು ಉಳಿದಿರುತ್ತದೆ.